ನಾಲ್ಕು ಕಪಾಟುಗಳ ನಡುವಿನ ದೂರ

ಹೊಸ್ತಿಲು ಆರೋಗ್ಯ ಸಂಸ್ಥೆಗೆ ನಾಲ್ಕು ಕಚೇರಿಗಳಿದ್ದವು. ಕಚೇರಿಗೊಂದರಂತೆ ನಾಲ್ಕು ಕಬ್ಬಿಣದ ಕಪಾಟುಗಳಿದ್ದವು. ಕೊಪ್ಪಳದ ಕಪಾಟಿನಲ್ಲಿ ಆ ತಾಲ್ಲೂಕಿನ ಎಚ್‌ಐವಿ ಸೋಂಕಿತರ ಕಡತಗಳು, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಆಯಾ ತಾಲ್ಲೂಕಿನವು. ಒಂದರ ಕೀಲಿ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. 2014ರ ಬೇಸಿಗೆಯಲ್ಲಿ ಯಲಬುರ್ಗಾದ ಕಪಾಟಿಗೆ ಗೆದ್ದಲು ಹತ್ತಿ ಕೆಳಗಿನ ಎರಡು ಅಂತಸ್ತಿನ ಕಡತಗಳು ಮಣ್ಣಾದವು. ಕಾಗದಗಳನ್ನೆಲ್ಲ ಕಂಪ್ಯೂಟರಿಗೆ ತರಲೇಬೇಕೆಂದು ಕಾರ್ಯದರ್ಶಿ ಗವಿಸಿದ್ದಪ್ಪನವರು ನಿಶ್ಚಯಿಸಿದ್ದು ಆಗ. ಅವರು ನಿವೃತ್ತ ಹೈಸ್ಕೂಲು ಮುಖ್ಯೋಪಾಧ್ಯಾಯರು. ಅದಕ್ಕೆ ತಕ್ಕ ತಂತ್ರಾಂಶವನ್ನು ಆರಿಸುವ ಕೆಲಸವನ್ನು ಅವರು ಸಹನಾಳಿಗೆ ಒಪ್ಪಿಸಿದರು. ರಸಾಯನಶಾಸ್ತ್ರದಲ್ಲಿ ಬಿಎಸ್ಸಿ ಮುಗಿಸಿದ ಅವಳು ಹಿಂದಿನ ವರ್ಷವಷ್ಟೇ ಸಂಸ್ಥೆಯ ಕೊಪ್ಪಳ ಕಚೇರಿಗೆ ಅಂಕಿಅಂಶ ಸಹಾಯಕಿಯಾಗಿ ಸೇರಿದ್ದಳು.

"ರೊಕ್ಕ ಕೊಟ್ಟು ತರೂದು ಬ್ಯಾಡವ್ವಾ. ಯಾರರ ಪುಣ್ಯಾತ್ಮರು ಮಾಡಿ ಬಿಟ್ಟಿರತಾರಲ್ಲ, ಅಂಥಾದ್ದು ನೋಡು" ಎಂದರು ಗವಿಸಿದ್ದಪ್ಪ.

"ಮುಕ್ತ ತಂತ್ರಾಂಶ ಅಂತಾರ್ರಿ ಸರ್ ಅದಕ್ಕ."

"ಮುಕ್ತನೋ ಮುಫತ್ತೋ, ಒಟ್ಟು ಓಡಬೇಕು."

ಅದು ಬರೀ ಪುಕ್ಕಟೆಯ ಮಾತಲ್ಲವೆಂದು ಸಹನಾ ವಿವರಿಸಿದಳು. ಅದರ ಒಳಗನ್ನು ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಬಹುದು; ನಾಳೆ ಯಾವುದೋ ಕಂಪನಿ ಬಾಗಿಲು ಹಾಕಿತೆಂದು ನಮ್ಮ ಕಾಗದಗಳು ಅದರೊಳಗೆ ಸಿಕ್ಕಿಬೀಳುವುದಿಲ್ಲ. ಗವಿಸಿದ್ದಪ್ಪ ಕನ್ನಡಕ ತೆಗೆದು ಒರೆಸಿಕೊಂಡು, "ಗೆದ್ದಲು ತಿನ್ನಂಗಿಲ್ಲಲ್ಲ, ಅಷ್ಟು ಸಾಕು" ಎಂದರು.

ಸಂಸ್ಥೆಯ ಕಡತಗಳಲ್ಲಿ ಬೇರೆಲ್ಲೂ ಇಲ್ಲದ ಒಂದು ಹಾಳೆ ಇರುತ್ತಿತ್ತು. ಅದಕ್ಕೆ 'ಜೊತೆಮಾತು' ಎಂದು ಹೆಸರು. ಸಂಸ್ಥೆಯನ್ನು ಕಟ್ಟಿದ ನರ್ಸ್ ಮುಮ್ತಾಜಬೇಗಂ ಈಗಿಲ್ಲ; ಆ ರೂಢಿ ಅವರದು. ಸೋಂಕು ಇದೆಯೆಂದು ಅಂದೇ ತಿಳಿದು ಬಂದು ಕುಳಿತ ಹೆಂಗಸಿಗೆ ಡಾಕ್ಟರ ಮಾತು ಕಿವಿಗೆ ಬೀಳುವುದಿಲ್ಲ, ಅದೇ ಕಾಯಿಲೆ ಇದ್ದವರ ಮಾತು ಬೀಳುತ್ತದೆ ಎಂದು ಅವರು ನಂಬಿದ್ದರು. ಆದ್ದರಿಂದ ಹಳಬರೊಬ್ಬರು ಹೇಳಿದ ನಾಲ್ಕು ಮಾತನ್ನು ಟೈಪು ಮಾಡಿಸಿ, ಹೊಸಬರಿಗೆ ಓದಿ ಹೇಳಿ, ಅವರ ಕಡತದಲ್ಲಿಯೇ ಇಡುತ್ತಿದ್ದರು. ಮಾತು ಮಾತ್ರ ಕಡ್ಡಾಯವಾಗಿ ಬೇರೆ ತಾಲ್ಲೂಕಿನದಾಗಿರಬೇಕು, ಪ್ರತಿ ಹೊಸಬರಿಗೂ ಹೊಸದಾಗಿ ಹೇಳಿದ್ದಾಗಿರಬೇಕು. ಕುಷ್ಟಗಿಯ ಮಾತು ಗಂಗಾವತಿಗೆ, ಗಂಗಾವತಿಯದು ಯಲಬುರ್ಗಾಕ್ಕೆ. ಹೇಳಿದವಳು ಯಾರೆಂದು ಕೇಳಿದವಳಿಗೆ ಎಂದೂ ಗೊತ್ತಾಗಬಾರದು. ಅಷ್ಟು ದೂರವಿತ್ತೆಂದೇ ಹೆಂಗಸರು ಮುಚ್ಚುಮರೆಯಿಲ್ಲದೆ ಮಾತಾಡುತ್ತಿದ್ದರು.

ಎಲ್ಲರಿಗಿಂತ ಹೆಚ್ಚು ಜೊತೆಮಾತು ಹೇಳಿದವಳು ಕುಷ್ಟಗಿ ತಾಲ್ಲೂಕಿನ ರೇಣುಕಾದೇವಿ. ಹನುಮಸಾಗರದ ಆಚೆಗಿನ ಕರಿಕಲ್ಲಹಾಳವೆಂಬ ಸಣ್ಣ ಊರಿನವಳು. ಗುರುತಿನವರು ಕಂಡಾರೆಂದು ಕುಷ್ಟಗಿಯನ್ನು ಬಿಟ್ಟು, ತಿಂಗಳ ಗುಳಿಗೆಗೆ ಕೊಪ್ಪಳದ ತನಕ ಬಸ್ಸಿನಲ್ಲಿ ಬರುತ್ತಿದ್ದಳು. ಬಂದಾಗ ಕಚೇರಿಯಲ್ಲಿ ಚಹಾ ಕುಡಿದೇ ಹೋಗುತ್ತಿದ್ದಳು.

"ತಂಗೀ, ಎಲ್ಲಾ ಕಂಪ್ಯೂಟರಿಗೆ ಹಾಕ್ತೀರಂತ?" ಎಂದಳು ಒಂದು ದಿನ, ಬಸಿಯಲ್ಲಿ ಚಹಾ ಆರಿಸುತ್ತ.

"ಹೌದ್ರಿ ಅಕ್ಕಾ."

"ನಮ್ಮೂರ ಹಾಲಿನ ಡೇರ್ಯಾಗೂ ಒಂದು ತಂದಾರ. ಯಾರ ಎಮ್ಮಿ ಹಾಲಿಗೆ ಎಷ್ಟು ನೀರು ಹಾಕ್ಯಾರಂತ ಚೀಟಿ ಹೊಡದು ತೋರ್ಸತೈತಿ. ಅದು ಬಂದಾಗಿಂದ ಓಣ್ಯಾಗ ಬರೇ ಜಗಳ." ನಕ್ಕಳು. ಆಮೇಲೆ ನಗೆ ನಿಲ್ಲಿಸಿ ಬಸಿಯನ್ನು ಕೆಳಗಿಟ್ಟಳು. "ನನ್ನ ಹೆಸರು ತಗದ್ ಬಿಡವ್ವಾ. ಎಲ್ಲೂ ಬರಬಾರದು. ನಾ ಸಾಲಿ ಹುಡುಗ್ರಿಗೆ ಬಿಸಿಯೂಟ ಮಾಡಾಕಿ. ಗೊತ್ತಾತಂದ್ರ ಆವತ್ತಿನ ಅನ್ನ ಆವತ್ತೇ ಚೆಲ್ಲತಾರ. ಪಗಾರದ ಮಾತಲ್ಲ ಅದು. ಗಂಡ ಸತ್ತ ಮ್ಯಾಲೆ ನನ್ನ ಕೈಯಾಗಿಂದು ಯಾರರ ಉಣ್ಣತಾರಂದ್ರ ಆ ಹುಡುಗ್ರು ಅಷ್ಟ."

"ಹೆಸರು ಬರೂದಿಲ್ಲಕ್ಕಾ. ನಾ ನೋಡ್ಕೋತೀನಿ."

"ಆಣಿ ಮಾಡು ಅನ್ನಂಗಿಲ್ಲ. ಓದಿದಾಕಿ ಅದಿ, ನಿನ್ನ ಮಾತ ಸಾಕು."

ಸಹನಾ ಮೂರು ತಂತ್ರಾಂಶಗಳನ್ನು ಕಚೇರಿಯ ಹಳೆಯ ಕಂಪ್ಯೂಟರಿನಲ್ಲಿ ಒಂದಾದ ಮೇಲೊಂದರಂತೆ ಹಾಕಿ ನೋಡಿದಳು. ಪ್ರಯೋಗಶಾಲೆಯಲ್ಲಿ ಕಲಿತಂತೆ, ಮೂರಕ್ಕೂ ಅವೇ ಕಾಗದಗಳು, ಅವೇ ಪರೀಕ್ಷೆಗಳು. ಮೊದಲನೆಯದರಲ್ಲಿ ಯಾರು ಯಾವ ಹಾಳೆಯನ್ನು ನೋಡಬಹುದೆಂಬುದಕ್ಕೆ ಹಂತಹಂತವಾಗಿ ಬೀಗ ಹಾಕಬಹುದಿತ್ತು. ಆದರೆ ಅದು ಇದ್ದ ಯಂತ್ರಕ್ಕೆ ಭಾರವಾಗಿ, ಒಂದು ಪುಟ ತೆರೆಯುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಎರಡನೆಯದಕ್ಕೆ ಕನ್ನಡ ಬರುತ್ತಿರಲಿಲ್ಲ. ಮೂರನೆಯದು ಹಗುರ, ಸ್ಕ್ಯಾನ್ ಮಾಡಿದ ಹಾಳೆಯ ಮೇಲಿನ ಕನ್ನಡ ಅಕ್ಷರಗಳನ್ನು ತಾನೇ ಓದಿ, ಯಾವ ಶಬ್ದ ಎಲ್ಲಿದೆಯೆಂದು ಕ್ಷಣದಲ್ಲಿ ತೋರಿಸುತ್ತಿತ್ತು. ಅದರ ಕುಂದು ಒಂದೇ: ಒಳಗೆ ಬಿಟ್ಟವರು ಎಲ್ಲವನ್ನೂ ನೋಡಬಲ್ಲರು. ಗೋಪ್ಯತೆಯ ಅಂಕಣದಲ್ಲಿ ಅದಕ್ಕೆ ಕಡಿಮೆ ಅಂಕವನ್ನೇ ಕೊಟ್ಟಳು. ಆದರೆ ಉಳಿದೆಲ್ಲ ಅಂಕಣಗಳ ಮೊತ್ತ ಆ ಕೊರತೆಯನ್ನು ತುಂಬಿತು.

ಅವಳಿಗೆ ಹೆಚ್ಚು ಹೆಮ್ಮೆ ತಂದದ್ದು ಜೊತೆಮಾತಿನ ಹಾಳೆಗಳು. ಅವನ್ನೆಲ್ಲ 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಟೈಪು ಮಾಡಲಾಗಿತ್ತು. ಕಂಪ್ಯೂಟರಿನಲ್ಲಿದ್ದ ಆ ಟೈಪಿನ ಫೈಲುಗಳನ್ನು ನೇರವಾಗಿ ಹೊಸ ತಂತ್ರಾಂಶಕ್ಕೆ ಸುರಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತಿತ್ತು. ಅವಳು ಕಪಾಟಿನಲ್ಲಿದ್ದ ಅಚ್ಚಿನ ಹಾಳೆಗಳನ್ನೇ ತರಿಸಿ, ಸ್ಕ್ಯಾನ್ ಮಾಡಿ, ತಂತ್ರಾಂಶಕ್ಕೆ ಓದಿಸಿದಳು. ಓದಿತು. ಸತ್ತಂತೆ ಬಿದ್ದಿದ್ದ ಮಾತುಗಳು ಹುಡುಕಿದರೆ ಸಿಗುವಂತಾದವು. ಕಡತವೊಂದನ್ನು ಸೇರಿಸುವಾಗ ಜೊತೆಮಾತು ಇಲ್ಲದಿದ್ದರೆ ತಂತ್ರಾಂಶ ಅದನ್ನು ಅಪೂರ್ಣವೆಂದು ತಿರುಗಿಸಿ ಕಳಿಸುವಂತೆಯೂ ಮಾಡಿದಳು. ಮುಮ್ತಾಜಬೇಗಂ ಅವರ ರೂಢಿ ತಪ್ಪಬಾರದೆಂದು.

ಟ್ರಸ್ಟಿಗಳ ಸಭೆಗೆ ನಮೂನೆ ಕಾಗದಗಳು ಬೇಕಾದವು. ಕಲ್ಪಿತ ಕಾಗದಗಳನ್ನು ತಯಾರಿಸುತ್ತೇನೆಂದು ಸಹನಾ ಹೇಳಿದಳು.

"ಖರೇ ಕಾಗದಾನ ತೋರ್ಸು. ಗೊಂಬಿಗೆ ಸೀರಿ ಉಡಿಸಿ ತೋರಿಸಿದ್ರ ಯಾರು ನಂಬ್ತಾರ?" ಎಂದರು ಗವಿಸಿದ್ದಪ್ಪ.

ಅವಳು ಗಂಗಾವತಿಯ ಒಂದು ಕಟ್ಟನ್ನು ಆರಿಸಿಕೊಂಡಳು. ರೇಣುಕಾದೇವಿಯ ಕಡತ ಕುಷ್ಟಗಿಯ ಕಪಾಟಿನಲ್ಲಿ ಬೀಗದೊಳಗೆಯೇ ಉಳಿಯಿತು. ಗಂಗಾವತಿಯ ಹಾಳೆಗಳಲ್ಲಿದ್ದ ಪ್ರತಿಯೊಂದು ಹೆಸರಿನ ಮೇಲೂ ಅವಳು ಕರಿಪಟ್ಟಿ ಎಳೆದಳು. ಮರುದಿನ ಮೊದಲಿನಿಂದ ಮತ್ತೊಮ್ಮೆ ತಾಳೆ ನೋಡಿದಳು. ಒಂದು ಹೆಸರೂ ಉಳಿದಿರಲಿಲ್ಲ.

ಸಭೆಯ ದಿನ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಚಿತ್ರ ಬಿತ್ತು. ಟ್ರಸ್ಟಿಗಳ ಮುಂದೆ ಮಂಡಕ್ಕಿಯ ಒಗ್ಗರಣೆ, ಮಿರ್ಚಿ ಭಜಿ. ಹಿಂದಿನ ವರ್ಷವಷ್ಟೇ ಟ್ರಸ್ಟಿಯಾಗಿದ್ದ ಹಂಪಣ್ಣ ಮುಂದಿನ ಸಾಲಿನಲ್ಲಿದ್ದರು. ಹನುಮಸಾಗರದಲ್ಲಿ ಕಾಳಿನ ವ್ಯಾಪಾರ ಅವರದು. ಕುಷ್ಟಗಿ ಕಚೇರಿಗೆ ಜಾಗ ಕೊಟ್ಟವರು. ಒಬ್ಬರು ಗಂಗಾವತಿಯೆಂದು ಹುಡುಕಿಸಿದರು, ಇನ್ನೊಬ್ಬರು ಗುಳಿಗೆಯ ಹೆಸರೊಂದನ್ನು. ಎರಡೂ ಸಿಕ್ಕವು.

"ಎಲ್ಲಾರೂ ದೊಡ್ಡ ದೊಡ್ಡ ಊರು ಹೇಳಾಕತ್ತೀರಿ. ನಮ್ಮ ಹುಟ್ಟಿದೂರು ಇದಕ್ಕ ಗೊತ್ತೈತೇನು ನೋಡೂಣು. ತಾಲ್ಲೂಕ ಆಫೀಸಿನವರಿಗೇ ಗೊತ್ತಿಲ್ಲ ಅದು!" ಎಂದರು ಹಂಪಣ್ಣ.

"ಬಸ್ಸಿನವರಿಗೂ ಗೊತ್ತಿಲ್ಲ ಬಿಡ್ರಿ" ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು.

"ಯಾವೂರ್ರಿ ಸಾವ್ಕಾರ್ರ?" ಎಂದಳು ಸಹನಾ.

"ಕರಿಕಲ್ಲಹಾಳ, ಹೊಡಿಯವ್ವಾ."

ಸಹನಾ ಹೊಡೆದಳು. ಇದು ಗಂಗಾವತಿಯ ಕಟ್ಟು. ಏನೂ ಸಿಗುವುದಿಲ್ಲವೆಂದು ಅವಳಿಗೆ ಖಚಿತವಿತ್ತು.

ಗೋಡೆಯ ಮೇಲೆ ಒಂದು ಜೊತೆಮಾತಿನ ಹಾಳೆ ತೆರೆದುಕೊಂಡಿತು. ಊರಿನ ಹೆಸರಿಗೆ ಹಳದಿ ಬಣ್ಣ ಹತ್ತಿತ್ತು. ಹಾಳೆಯ ತಲೆಯಲ್ಲಿದ್ದ ಹೆಸರಿನ ಮೇಲೆ ಸಹನಾ ಎಳೆದ ಕರಿಪಟ್ಟಿ ನೆಟ್ಟಗೆ, ಅಚ್ಚುಕಟ್ಟಾಗಿ ಇತ್ತು.

'ನನಗೂ ಇದ ಬ್ಯಾನಿ ಐತಿ ತಂಗಿ. ನಮ್ಮೂರು ಕರಿಕಲ್ಲಹಾಳ. ಸಾಲ್ಯಾಗ ಹುಡುಗ್ರಿಗೆ ಅಡಿಗಿ ಮಾಡತೀನಿ. ದಿನಾ ಗುಳಿಗಿ ನುಂಗತೀನಿ, ಕೊಡ ಹೊರತೀನಿ, ನಗತೀನಿ. ನೀನೂ ಸಾಯಂಗಿಲ್ಲ.'

ಸಹನಾ ಆ ಪುಟವನ್ನು ಮುಚ್ಚುವಷ್ಟರಲ್ಲಿ ಎಲ್ಲರೂ ಓದಿಯಾಗಿತ್ತು. ಹಂಪಣ್ಣ ಕೈಯಲ್ಲಿದ್ದ ಮಿರ್ಚಿಯನ್ನು ತಾಟಿನಲ್ಲಿಟ್ಟರು. ಧೋತರದ ಅಂಚಿಗೆ ಬೆರಳು ಒರೆಸಿಕೊಂಡರು.

"ನಮ್ಮೂರ ಸಾಲಿಗೆ ಅಡಿಗಿಯಾಕಿ ಒಬ್ಬಾಕೇ ಅದಾಳ" ಎಂದರು, ಯಾರಿಗೂ ಅಲ್ಲವೆಂಬಂತೆ.

ಗವಿಸಿದ್ದಪ್ಪ ಗಂಟಲು ಸರಿಮಾಡಿಕೊಂಡು, "ಹುಡುಕೂದಂತೂ ಭಾಳ ಛಲೋ ಹುಡುಕತೈತಿ" ಎಂದರು. ಮೂರನೆಯ ತಂತ್ರಾಂಶಕ್ಕೆ ಎಲ್ಲರೂ ಕೈ ಎತ್ತಿದರು. ಹಂಪಣ್ಣನವರ ಕೈ ಸ್ವಲ್ಪ ತಡವಾಗಿ ಎದ್ದಿತು.

ಮೆಟ್ಟಿಲ ಬಳಿ ಸಹನಾ ಅವರನ್ನು ಹಿಡಿದಳು. "ಸಾವ್ಕಾರ್ರ, ಅಡಿಗಿಯಿಂದ ಈ ಬ್ಯಾನಿ ಬರೂದಿಲ್ಲರಿ. ಮುಟ್ಟಿದ್ರೂ ಬರೂದಿಲ್ಲ, ಉಂಡ್ರೂ ಬರೂದಿಲ್ಲ."

"ನನಗೇನು ಕಲಿಸ್ತಿಯವ್ವಾ? ನಾ ಈ ಸಂಸ್ಥಿ ಟ್ರಸ್ಟಿ ಅದೀನಿ. ಹೋದ ಡಿಸೆಂಬರದಾಗ ಏಡ್ಸ್ ದಿನಕ್ಕ ಮೈಕ್ ಹಿಡಕೊಂಡು ಇದನ್ನ ನಾನೂ ಹೇಳೇನಿ."

"ಮತ್ತ ಯಾರಿಗೂ ಹೇಳಬ್ಯಾಡ್ರಿ. ಆಕಿ ಬಾಳೇವು ಅದರಾಗ ಐತ್ರಿ."

ಹಂಪಣ್ಣ ಚಪ್ಪಲಿ ಮೆಟ್ಟಿಕೊಂಡರು. ಒಂದರ ಉಂಗುಟ ಬೆರಳಿಗೆ ಸರಿಯಾಗಿ ಕೂರಲಿಲ್ಲ; ಬಗ್ಗಿ ಸರಿಪಡಿಸಿಕೊಂಡರು. ತಲೆ ಎತ್ತದೆ ಹೇಳಿದರು: "ನನ್ನ ಮೊಮ್ಮಗ ಅದ ಸಾಲ್ಯಾಗ ಉಣ್ಣತಾನವ್ವಾ."

ಮರುದಿನ ಸಹನಾ ಗವಿಸಿದ್ದಪ್ಪನವರ ಮೇಜಿನ ಮುಂದೆ ನಿಂತು, ಆಯ್ಕೆಯನ್ನು ಹಿಂತೆಗೆದುಕೊಂಡು, ಭಾರವಾದರೂ ಮೊದಲನೆಯ ತಂತ್ರಾಂಶವನ್ನೇ ಹಾಕೋಣವೆಂದು ಕೇಳಿದಳು. ಹೊಸ ಯಂತ್ರಕ್ಕೆ ಅನುದಾನವಿಲ್ಲ, ಸಭೆಯ ನಿರ್ಣಯ ಆಗಿಹೋಗಿದೆ ಎಂದು ಅವರು ಮೆಲ್ಲಗೆ ಹೇಳಿದರು. ಅವಳು ಟ್ರಸ್ಟಿಗಳಿಗೆ ಒಳಗೆ ಹೋಗುವ ದಾರಿಯನ್ನೇ ಮುಚ್ಚಿದಳು, ಜೊತೆಮಾತುಗಳಲ್ಲಿ ಊರು, ಕಸುಬುಗಳಿಗೂ ಕರಿಪಟ್ಟಿ ಎಳೆದಳು. ಕೆಲವು ಹಾಳೆಗಳಲ್ಲಿ ಕರಿಪಟ್ಟಿಗಳ ನಡುವೆ 'ಸಾಯಂಗಿಲ್ಲ' ಎಂಬ ಮಾತೊಂದೇ ಉಳಿಯಿತು.

ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ಮೇಲೆ ರೇಣುಕಾದೇವಿ ಗುಳಿಗೆಗೆ ಬಂದಳು. ಚಹಾ ಬೇಡವೆಂದಳು. ಕಿಟಕಿಯ ಪಕ್ಕದ ಬೆಂಚಿನಲ್ಲಿ ಕುಳಿತು, ಗುಳಿಗೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು.

"ಯಾರೂ ಏನೂ ಅನ್ನಲಿಲ್ಲ ನೋಡು ತಂಗಿ. ಅಂದಿದ್ರ ನಾನೂ ಎರಡು ಅಂತಿದ್ದೆ. ಹುಡುಗ್ರು ಮನ್ಯಾಗಿಂದ ಡಬ್ಬಿ ತಂದು, ಬಿಚ್ಚಿ ಕುಂತ್ವು. ನಾ ಸೌಟು ಹಿಡಕೊಂಡು ನಿಂತೆ. ಒಬ್ಬಾವ ತಾಟು ಹಿಡಕೊಂಡು ಬಂದ, ಸಣ್ಣಾವ. ಅವನ ಅಕ್ಕ ರಟ್ಟಿ ಹಿಡದು ಎಳಕೊಂಡು ಹೋದ್ಲು. ಪಾತೇಲಿ ತುಂಬ ಅನ್ನ ಹಂಗ ಆರಿತು." ಚೀಲದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದಳು. "ವಾರ ಆದ ಮ್ಯಾಲೆ ಹೆಡ್‌ಮಾಸ್ತರು ಕರದು, ನೀವ ಬಿಟ್ರ ಛಲೋ ಅಂದ್ರು. ಸೌಟು ಅಲ್ಲೇ ಇಟ್ಟು ಬಂದೆ."

"ನಾವು ಹೆಡ್‌ಮಾಸ್ತರ ಹತ್ರ ಹೋಗೂಣು ಅಕ್ಕಾ, ಡಾಕ್ಟರನ್ನ ಕರಕೊಂಡು. ಹಿಂಗ ಕೆಲಸ ಬಿಡಿಸಾಕ ಬರೂದಿಲ್ಲಂತ ಕೋರ್ಟು ಹೇಳೈತಿ."

"ಕೋರ್ಟು ಬಂದು ಉಣ್ಣತೈತೇನು?"

"ತಪ್ಪು ನಂದಕ್ಕಾ" ಎಂದಳು ಸಹನಾ.

"ನಾ ಹೆಸರು ತಗಿ ಅಂದೆ, ನೀ ಹೆಸರು ತಗದಿ. ಊರೂ ತಗಿ ಅನ್ನೂದು ನನಗರ ಎಲ್ಲಿ ಹೊಳೀತು?"

"ನೀವು ಹೇಳಿದ್ದೆಲ್ಲಾ ತಗದು ಹಾಕ್ಲೇನ್ರಿ? ಎಲ್ಲಾ ಕಡತದಾಗಿಂದೂ?"

ರೇಣುಕಾದೇವಿ ಯೋಚಿಸಿದಳು. "ನನ್ನ ಮಾತು ಓದಿ ಹೇಳಿದ್ರಲ್ಲ, ಆ ಗಂಗಾವತಿ ಹುಡುಗಿ ಅದಾಳಿಲ್ಲೋ?"

"ಅದಾಳ್ರಿ. ಗುಳಿಗಿ ತಪ್ಪಿಸಂಗಿಲ್ಲ."

"ಹಂಗಾರ ಆಕಿದು ಇರಲಿ ಬಿಡು. ಹೊಸಾದು ಮಾತ್ರ ನನ್ನ ಕೇಳಬ್ಯಾಡ. ಅಡಿಗಿ ಮಾಡತೀನಿ, ನಗತೀನಿ ಅಂತಿದ್ದೆ. ಈಗ ಏನಂತ ಹೇಳ್ಲಿ?"

ಅವಳು ಬಸ್ಸಿಗೆ ಎದ್ದು ಹೋದಳು. ಕುಡಿಯಲೆಂದು ತಂದಿಟ್ಟ ನೀರಿನ ಲೋಟ ಹಾಗೆಯೇ ಇತ್ತು.

ಈ ಸುದ್ದಿ ನಾಲ್ಕೂ ತಾಲ್ಲೂಕಿಗೆ ಹೇಗೆ ಹರಡಿತೋ ತಿಳಿಯಲಿಲ್ಲ. ಜೊತೆಮಾತು ಕೇಳಲು ಹೋದವರಿಗೆ ಯಲಬುರ್ಗಾದಲ್ಲಿ, ಮೈಯಾಗ ಆರಾಮಿಲ್ಲ ಎಂಬ ಉತ್ತರ ಬಂತು. ಕುಷ್ಟಗಿಯಲ್ಲಿ ಒಬ್ಬಾಕೆ ಬಾಗಿಲನ್ನೇ ತೆರೆಯಲಿಲ್ಲ.

ಮಳೆಗಾಲದ ಕೊನೆಗೆ ಗಂಗಾವತಿಯಿಂದ ಹೊಸ ಕಡತವೊಂದು ಬಂತು. ಇಪ್ಪತ್ತರ ಹುಡುಗಿ, ಐದು ತಿಂಗಳ ಬಸುರಿ. ಬೆಳಗಿನಿಂದ ಅಲ್ಲಿಯ ಬೆಂಚಿನ ಮೇಲೆ ಕುಳಿತಿದ್ದಾಳೆ, ಮಾತಾಡುತ್ತಿಲ್ಲ ಎಂದು ಅಲ್ಲಿಯ ಆಪ್ತಸಮಾಲೋಚಕಿ ಫೋನಿನಲ್ಲಿ ಹೇಳಿದಳು. ಸಹನಾ ಹಾಳೆಗಳನ್ನು ಸೇರಿಸಿದಳು. ಜೊತೆಮಾತು ಇಲ್ಲ, ಕಡತ ಅಪೂರ್ಣವೆಂದು ತಂತ್ರಾಂಶ ಕೆಂಪು ಅಕ್ಷರದಲ್ಲಿ ತಿರುಗಿಸಿತು. ಮತ್ತೆ ಸೇರಿಸಿದಳು. ಮತ್ತೆ ತಿರುಗಿಸಿತು.

ಗವಿಸಿದ್ದಪ್ಪ ಹಿಂದೆ ಬಂದು ನಿಂತರು. "ಆ ಖಾನೇದ ಕಡ್ಡಾಯ ತಗದ್ ಬಿಡವ್ವಾ. ಇಲ್ಲಂದ್ರ ಒಂದೂ ಮುಂದ ಹೋಗಂಗಿಲ್ಲ."

ಕಡ್ಡಾಯವೆಂದು ತಾನೇ ಹಾಕಿದ್ದ ಆ ಸಣ್ಣ ಗುರುತನ್ನು ಸಹನಾ ತಾನೇ ತೆಗೆದಳು. ಮೂರನೆಯ ಸಲಕ್ಕೆ ತಂತ್ರಾಂಶ ಏನೂ ಕೇಳಲಿಲ್ಲ. 'ಕಡತ ಪೂರ್ಣವಾಗಿದೆ' ಎಂದು ಹಸಿರು ಅಕ್ಷರದಲ್ಲಿ ತೋರಿಸಿತು.

ಗಂಗಾವತಿಯ ಕರೆ ಕಡಿಯದೆ, ಫೋನು ಇನ್ನೂ ಮೇಜಿನ ಮೇಲೆ ತೆರೆದೇ ಇತ್ತು. "ಮೇಡಂ, ಈ ಹುಡುಗಿಗೆ ಏನು ಓದಿ ಹೇಳ್ಲಿರಿ?" ಎಂದು ಆಚೆಯಿಂದ ಆಪ್ತಸಮಾಲೋಚಕಿ ಕೇಳುತ್ತಿದ್ದಳು.