ಗುಡ್ಡೆಯ ಕೆಳಗಿನ ತಲೆ

ಜೀಪು ನಿಂತ ಕೂಡಲೇ ದಂಬ ಇಳಿದು, ದಾರಿಬದಿಯ ಕಲ್ಲುಗುಡ್ಡೆಗೆ ಮೂರು ಸುತ್ತು ಬಂದು, ಮೂರು ಕಲ್ಲು ಹಾಕಿ ಕೈಮುಗಿದ. ಗೋಬಿ ಮರುಭೂಮಿಯಲ್ಲಿ ಹುಟ್ಟಿದವನು ಒವೋ, ಅಂದರೆ ದೇವರ ಕಲ್ಲುಗುಡ್ಡೆ, ಕಂಡೂ ಸುಮ್ಮನೆ ದಾಟಿ ಹೋಗುವುದುಂಟೆ? ಗುಡ್ಡೆ ಆಳೆತ್ತರ ಮೀರಿ ಬೆಳೆದಿತ್ತು. ತುದಿಯ ಕೋಲಿಗೆ ಕಟ್ಟಿದ ನೀಲಿ ವಸ್ತ್ರಗಳು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿದ್ದವು. ಕೈಮುಗಿದಾದ ಮೇಲೆ ಸುತ್ತ ನೋಡಿದ. ಪಡುವಣಕ್ಕೆ ಜೋಡಿ ಬೆಟ್ಟ, ಕೆಳಗೆ ಕೆಂಪು ಕೊರಕಲು, ಅದರಾಚೆ ಬತ್ತಿದ ಹಳ್ಳ. ದಂಬ ಜೀಪಿನಲ್ಲಿದ್ದ ಹುಡುಗಿಯನ್ನು ಕೂಗಿ ಕರೆದ.

"ಒಯೂನ್, ಇದೇ ಜಾಗ ಕಣಮ್ಮಾ."

"ಬುರುಡೆ ಎಲ್ಲಿದೆ ತಾತ?"

"ಇದರ ಕೆಳಗೆ," ಎಂದು ಒವೋ ತೋರಿಸಿದ.

ಇಪ್ಪತ್ನಾಲ್ಕು ವರ್ಷದ ಹಿಂದಿನ ಮಾತು. ರಷ್ಯನ್ನರ ಜೊತೆ ಸಂಗ್ರಹಾಲಯದವರು ಮೂಳೆ ಹುಡುಕಲು ಬಂದಿದ್ದಾಗ ದಂಬ ಅಗೆಯುವ ಆಳು. ಅಂದು ಸಂಜೆ ಒಬ್ಬನೇ ಅಲೆಯುತ್ತಿದ್ದವನಿಗೆ ಕೊಂಬಿಲ್ಲದ ದೈತ್ಯ ಖಡ್ಗಮೃಗದ ತಲೆಬುರುಡೆ ಇಡಿಯಾಗಿ ಕಂಡಿತ್ತು. ಉದ್ದದಲ್ಲಿ ಅದು ಹೆಚ್ಚುಕಡಿಮೆ ಅವನಷ್ಟೇ ಇತ್ತು. ಅಷ್ಟರಲ್ಲಿ ಹಿಮ ಶುರುವಾಯಿತು, ಲಾರಿಗಳು ತಿರುಗಬೇಕಾಯಿತು. ರಷ್ಯನ್ನರಾಗಿದ್ದರೆ ಗುರುತಿಗೆ ಕಬ್ಬಿಣದ ಗೂಟ ಹೊಡೆಯುತ್ತಿದ್ದರೋ ಏನೋ. ದಂಬ ಕೊರಕಲಿನಿಂದ ಕೆಂಪು ಕಲ್ಲು ಹೊತ್ತು ತಂದು ಬುರುಡೆಯ ಮೇಲೆ ಮೊಣಕಾಲೆತ್ತರ ಪೇರಿಸಿ ಬಂದ. ಗಾಳಿಯಿಂದ ಕಾಪಾಡಿದ ಹಾಗೂ ಆಯಿತು, ಗುರುತೂ ಆಯಿತು ಎಂದುಕೊಂಡ.

ಮರುವರ್ಷ ಅವನನ್ನು ಕರೆಯದೆ ಅಲ್ಲಿಗೆ ಹೋದ ತಂಡದ ಮುಖ್ಯಸ್ಥ ವಾಪಸು ಬಂದು ಎಲ್ಲರೆದುರು ಹೇಳಿದ: "ಇವನು ಹೇಳಿದ ಜಾಗದಲ್ಲಿ ಒಂದು ಒವೋ ಬಿಟ್ರೆ ಏನೂ ಇಲ್ಲ. ದಂಬ ಬುರುಡೆ ಬಿಟ್ಟಿದ್ದಾನೆ!" ಹೋದವರು ಜಾಗ ತಪ್ಪಿದ್ದಾರೆ ಎಂದೇ ದಂಬ ನಂಬಿದ್ದ. ಆ ವರ್ಷವೇ ಅದರ ಪಕ್ಕದಲ್ಲೇ ಗಣಿಗೆ ಲಾರಿ ದಾರಿ ಬಿದ್ದಿದ್ದು ಅವನಿಗೆ ಗೊತ್ತಿರಲಿಲ್ಲ. ದಾರಿಬದಿಯಲ್ಲಿ ನಾಲ್ಕು ಕಲ್ಲು ಒಟ್ಟಿಗಿದ್ದರೆ ಐದನೆಯದನ್ನು ಇಡದೆ ಮುಂದೆ ಹೋಗುವ ಚಾಲಕ ನಮ್ಮಲ್ಲಿ ಹುಟ್ಟಿಲ್ಲ. ಪೂಜೆಗೆ ನಿಷೇಧವಿದ್ದ ಕಮ್ಯುನಿಸ್ಟ್ ಪಕ್ಷದ ಕಾಲದಲ್ಲಿ ಕದ್ದುಮುಚ್ಚಿ ಇಟ್ಟರು, ಈಗ ಎಲ್ಲರೆದುರೇ ಇಡುತ್ತಾರೆ.

ಆಮೇಲೆ ದಂಬನನ್ನು ಯಾರೂ ಹೊರಗೆ ಕರೆದೊಯ್ಯಲಿಲ್ಲ. ಸಂಗ್ರಹಾಲಯದ ಹಿಂದಿನ ಕೋಣೆಯಲ್ಲಿ ಮೂಳೆಗೆ ಗಾರೆ ಮೆತ್ತುತ್ತಾ ಅವನ ನೌಕರಿ ಮುಗಿಯಿತು. ಅಲ್ಲಿನ ಕಪಾಟುಗಳಲ್ಲಿ ಇಲಿಯ ಹಲ್ಲಿನಿಂದ ಆನೆಯ ದವಡೆಯವರೆಗೆ ಎಲ್ಲಕ್ಕೂ ಒಂದೊಂದು ಚೀಟಿ, ಚೀಟಿಯಲ್ಲಿ ಹುಡುಕಿದವನ ಹೆಸರು. ಒಂಟೆ ಕಟ್ಟಿಕೊಂಡು ಬಂದ ಪರದೇಶದವರ ಹೆಸರಿತ್ತು, ಲಾರಿಯಲ್ಲಿ ಬಂದವರದೂ ಇತ್ತು. ಅಗೆದವರ ಹೆಸರು ಒಂದೂ ಇರಲಿಲ್ಲ. ಸಾಯುವುದರೊಳಗೆ ಒಂದೇ ಒಂದು ಚೀಟಿಯಲ್ಲಿ ತನ್ನ ಹೆಸರು ಬರಬೇಕು, ತಾನು ಸುಳ್ಳನಲ್ಲ ಎಂದಾಗಬೇಕು, ಇಷ್ಟೇ ಅವನ ಆಸೆ. ಮೂಳೆ ವಿಭಾಗಕ್ಕೆ ಹೊಸದಾಗಿ ಬಂದ ಒಯೂನ್ ಮಾತ್ರ ಅವನನ್ನು ನಂಬಿ ಜೀಪು ಹತ್ತಿಸಿದ್ದಳು.

ಹತ್ತಿರದ ಗುಡಾರದಿಂದ ಮುದುಕಿ ಖೊರ್ಲೋ ಹಾಲಿನ ಚೆಂಬು ಹಿಡಿದು ಬಂದಳು. ಒವೋಗೆ ದಿನಾ ಹಾಲೆರೆಯುವವಳು ಅವಳೇ. ದಂಬ ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದ. ಖೊರ್ಲೋ ಬಿದ್ದು ಬಿದ್ದು ನಕ್ಕಳು.

"ಅಯ್ಯೋ ನಿನ್ನ! ಸತ್ತ ಮೃಗಕ್ಕಾ ನಾನು ಇಷ್ಟು ವರ್ಷ ಹಾಲು ಹೊಯ್ದಿದ್ದು? ಸೊಸೆ ಬಾಣಂತಿಯಾದಾಗ್ಲೂ ಅವಳಿಗೆ ಇಷ್ಟು ಹಾಲು ಕೊಟ್ಟಿಲ್ಲ ಕಣೋ!"

"ತಪ್ಪಾಯ್ತು ಅಕ್ಕ. ಕಲ್ಲು ತೆಗೆಯೋಕೆ ಬಿಡ್ತೀಯಾ?"

ಖೊರ್ಲೋಳ ನಗು ನಿಂತಿತು. "ಒವೋ ಕಿತ್ತವರ ವಂಶ ಉಳಿಯಲ್ಲ ತಮ್ಮಾ." ದಂಬನ ಮುಖ ನೋಡಿ ಮೆತ್ತಗಾದಳು. "ಕೀಳಬಾರದು. ಮರ್ಯಾದೆಯಾಗಿ ಕರ್ಕೊಂಡು ಹೋಗಿ ಬೇರೆ ಕಡೆ ಕೂರಿಸಬಹುದೇನೋ. ಲಾಮಾನ ಕೇಳೋಣ ಇರು."

ಲಾಮಾ ಮೂರನೇ ದಿನ ಒಳ್ಳೆಯದೆಂದರು. ಅಂದು ಸುತ್ತಲ ಗುಡಾರಗಳವರೆಲ್ಲ ಬಂದರು. ಮಂತ್ರ ಮುಗಿದ ಮೇಲೆ ಒಂದೊಂದೇ ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಪಕ್ಕದ ದಿಣ್ಣೆಗೆ ಸಾಗಿಸಿದರು. ದಂಬನೂ ಹೊತ್ತ. ಮಧ್ಯಾಹ್ನದ ಹೊತ್ತಿಗೆ ಕೆಂಪು ಕಲ್ಲುಗಳು ಕಂಡವು. ಅವನ್ನು ತಾನೇ ಎತ್ತುತ್ತೇನೆಂದು ದಂಬ ಎಲ್ಲರನ್ನೂ ಹಿಂದಕ್ಕೆ ಸರಿಸಿದ.

ಕೆಳಗೆ ಬಿಳಿಯ ಪುಡಿ ಇತ್ತು. ಒಯೂನ್ ಮಂಡಿಯೂರಿ ಕುಂಚದಿಂದ ಗುಡಿಸಿದಳು. ಉಗುರಿನಷ್ಟು ಚೂರು, ಮತ್ತೆ ಪುಡಿ, ಮತ್ತೆ ಚೂರು. ಕೋಟ್ಯಂತರ ವರ್ಷದ ಬಿಸಿಲೂ ಹಿಮವೂ ಮಾಡದ ಕೆಲಸವನ್ನು ಇಪ್ಪತ್ನಾಲ್ಕು ವರ್ಷದ ಭಕ್ತಿ ಮಾಡಿ ಮುಗಿಸಿತ್ತು. ಕೊನೆಗೆ ಮುಷ್ಟಿಗಾತ್ರದ ದವಡೆ ಹಲ್ಲು ಒಂದೇ ಗಟ್ಟಿಯಾಗಿ ಸಿಕ್ಕಿತು. ದಂಬ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತ.

"ನಾನೇ ಎಷ್ಟು ಕಲ್ಲು ಹೇರಿದೆನೋ," ಎಂದು ಖೊರ್ಲೋ ಅವನ ಬೆನ್ನು ಸವರಿದಳು.

"ಬಿಡಕ್ಕ. ಮೊದಲ ಕಲ್ಲಿಟ್ಟ ನಾನೇ ಜಾಗ ಗುರುತಿಸದೆ ಮೊನ್ನೆ ಮೂರು ಹಾಕಿದೆ."

ಒಯೂನ್ ಹಲ್ಲನ್ನು ಹತ್ತಿಯಲ್ಲಿ ಸುತ್ತಿ, ಚೀಟಿ ಬರೆದು ಓದಿದಳು: "ದವಡೆ ಹಲ್ಲು, ಒಂದು. ಹುಡುಕಿದವರು, ದಂಬ. ಸಾಕಲ್ವಾ ತಾತ? ಇನ್ನು ಯಾರೂ ನಿಮ್ಮನ್ನ ನೋಡಿ ನಗಲ್ಲ."

ದಂಬ ಕಣ್ಣೊರೆಸಿಕೊಂಡ. "ಇನ್ನೊಂದು ಸಾಲು ಬರಿ. ಬುರುಡೆ ಇಡಿಯಾಗಿತ್ತು, ಒಡೆದವನೂ ದಂಬನೇ ಅಂತ."

"ಯಾಕೆ ತಾತ? ಇದನ್ನ ಯಾರು ಕೇಳ್ತಾರೆ? ಸುಮ್ನೆ ನಿಮ್ಮ ಹೆಸರಿಗೆ ನೀವೇ ಮಸಿ ಬಳ್ಕೋತೀರಾ?"

"ಒಡೆದವನು ಯಾರು ಅಂತ ಬರೀದಿದ್ರೆ, ಇಡಿಯಾಗಿತ್ತು ಅಂತ ಯಾರು ನಂಬ್ತಾರಮ್ಮಾ? ಬರಿ."

ಒಯೂನ್ ಬರೆದಳು. ದಂಬ ಚೀಟಿ ಇಸಿದುಕೊಂಡು ಎರಡು ಸಲ ಓದಿ, ಕೆಳಗೆ ಸಹಿ ಹಾಕಿದ.