ದೋಟಿಗೆ ಕಟ್ಟಿದ ಕೆಂಪು ಬಟ್ಟೆ

ನಾಲ್ಕು, ಒಂದು ಚುಕ್ಕಿ, ಆಮೇಲೆ ಬರೀ ಗೀರು — ರೈಲ್ವೆ ಸೇತುವೆಯ ಮುಂದೆ ಅಡ್ಡ ನಿಲ್ಲಿಸಿರುವ ಕಬ್ಬಿಣದ ತೊಲೆಯ ಮೇಲೆ ಎತ್ತರವನ್ನು ಬರೆದವನು ಬರೆದೇ ಇದ್ದಾನೆ, ನನಗಿಂತ ಮುಂಚೆ ಬಂದ ಯಾವನೋ ತನ್ನ ಲೋಡಿನ ನೆತ್ತಿಯಿಂದ ಕೊನೆಯ ಅಂಕಿಯನ್ನು ಉಜ್ಜಿಕೊಂಡು ಹೋಗಿದ್ದಾನೆ, ಹೋಗಲಿ, ನನಗೆ ಅಂಕಿ ಯಾಕೆ ಬೇಕು, ದೋಟಿ ಇದೆಯಲ್ಲ, ನೊಣವಿನಕೆರೆ ಸುತ್ತಿನ ತೋಟಗಳಲ್ಲಿ ಇಪ್ಪತ್ತು ವರ್ಷ ತೆಂಗಿನಕಾಯಿ ಕೆಡವಿದ ಬಿದಿರು, ತುದಿಯ ಕುಡುಗೋಲು ಬಿಚ್ಚಿಟ್ಟು ಲಾರಿಯ ಪಕ್ಕಕ್ಕೆ ಕಟ್ಟಿಕೊಂಡು ಬಂದಿದ್ದೇನೆ, ಒಬ್ಬನೇ ಓಡಿಸುತ್ತಿರುವ ಮೊದಲ ದಿನ ಇದು, ಬೆನ್ನ ಹಿಂದೆ ತೆಂಗಿನ ನಾರನ್ನು ಒತ್ತಿ ಕಟ್ಟಿದ ಬೇಲುಗಳು ಬಾಡಿಯನ್ನೂ ಮೀರಿ ಎದ್ದು ಕೂತಿವೆ, ನಾರಿನ ಪುಡಿ ಕಿಟಕಿಯೊಳಗೆ ಹಾರಿ ಬಂದು ತುಟಿಗೆ ಅಂಟುತ್ತಿದೆ, ಹಿಂದಿನ ಬಸ್ಸಿನವನು ಹಾರನ್ನಿನ ಮೇಲೆ ಕೈಯಿಟ್ಟು ತೆಗೆಯುವುದನ್ನೇ ಮರೆತಿದ್ದಾನೆ — ಯಾಕಣ್ಣ ನಿಂತ್ಕಂಡೆ, ಮುಹೂರ್ತ ನೋಡ್ತಿದ್ದೀಯಾ, ಅಂತ ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ ಕೂಗುತ್ತಾನೆ, ಕೂಗಲಿ, ತನ್ನ ಲಾರಿಯ ಎತ್ತರ ತಿಳಿಯದೆ ಸೇತುವೆಯ ಕೆಳಗೆ ತಲೆ ತೂರಿಸುವವನು ಎಂಥ ಡ್ರೈವರ್, ಬಾಡಿಯ ಎತ್ತರ ಕಾಗದಪತ್ರದಲ್ಲಿ ಸಿಗಬಹುದು, ಲೋಡಿನ ಎತ್ತರ ಎಲ್ಲಿ ಸಿಗುತ್ತದೆ, ಹೇರಿದಾಗೆಲ್ಲ ಹೊಸದಾಗಿ ಅಳೆಯಬೇಕು, ಅಳೆದಿದ್ದೇನೆ ಕೂಡ, ಬೆಳಿಗ್ಗೆ ಮಿಲ್ಲಿನ ಅಂಗಳದಲ್ಲಿ, ಹತ್ತು ಜನರ ಎದುರಿಗೆ, ಆಗ ಮಿಲ್ಲಿನ ಯಜಮಾನರು ಗಂಗಾಧರಯ್ಯನವರು ಕೈಕಟ್ಟಿ ನೋಡುತ್ತಿದ್ದರು — ನೋಡಪ್ಪ ತಿಮ್ಮರಾಜು, ಈ ಲೋಡು ತಿಪಟೂರು ಗೋಡೌನಿಗೆ ಒಂದ್ ಗೀರೂ ಬೀಳ್ದಂಗೆ ಮುಟ್ಟುದ್ರೆ ಸ್ಟೇರಿಂಗು ನಿಂದೇ, ಗೀರು ಬಿತ್ತೋ, ದೋಟಿ ಹೆಗಲ ಮೇಲೆ ಹಾಕ್ಕಂಡು ಮತ್ತೆ ತೋಟಕ್ಕೆ ನಡಿ — ನಡೆಯುವುದು ಎಲ್ಲಿಗೆ ಯಜಮಾನರೇ, ಈ ಕತ್ತು ಹೊತ್ತುಕೊಂಡು, ಇಪ್ಪತ್ತು ವರ್ಷ ಮೇಲೆ ನೋಡಿ ನೋಡಿ ಕತ್ತಿನ ಮೂಳೆ ಸವೆದಿದೆ, ಮೇಲೆ ನೋಡೋ ಕೆಲಸ ಬುಟ್ಬುಡಿ, ಇಲ್ದಿದ್ರೆ ಕೈಯೂ ಹೋಯ್ತದೆ ಅಂದರು ಡಾಕ್ಟರು, ಅದಕ್ಕೇ ಅಲ್ಲವೇ ನೆಟ್ಟಗೆ ಮುಂದೆ ನೋಡುವ ಕೆಲಸ ಕಲಿತದ್ದು, ಈ ವಯಸ್ಸಿನಲ್ಲಿ, ಕಿರುಗಣ್ಣಲ್ಲಿ ನಗುವವರ ಮಧ್ಯೆ, ಈಗ ಸ್ಟೇರಿಂಗ್ ನನ್ನ ಕೈಯಲ್ಲಿ ಬೆಚ್ಚಗಿದೆ, ನನ್ನದು, ಇವತ್ತು ಸಂಜೆಯವರೆಗಾದರೂ ನನ್ನದು.

ಇಳಿದೆ. ದೋಟಿ ಬಿಚ್ಚಿದೆ, ತೊಲೆಯ ಪಕ್ಕಕ್ಕೆ ಬುಡ ನೆಲಕ್ಕೂರಿ ನೆಟ್ಟಗೆ ನಿಲ್ಲಿಸಿದೆ, ಕೆಂಪು ಬಟ್ಟೆ ಕಟ್ಟಿದ ಗೆಣ್ಣು ಎಲ್ಲಿದೆಯೋ ಅಲ್ಲಿಯವರೆಗೆ ನನ್ನ ಲೋಡು, ನನ್ನ ಹೆಂಡತಿ ಸರ್ವಮಂಗಳ ಬೆಳಿಗ್ಗೆ ಅಂಗಳದಲ್ಲಿ ಕಟ್ಟಿದ್ದು ಅದು, ತನ್ನ ಹಳೆಯ ಕೆಂಪು ಸೀರೆಯ ಸೆರಗು ಹರಿದು, ನಾನು ಲಾರಿಯ ಪಕ್ಕ ನಿಂತು ದೋಟಿ ಎತ್ತಿ ಹಿಡಿದು, ಮೇಲಿನ ಬೇಲಿನ ಸಮಕ್ಕೆ ಯಾವ ಗೆಣ್ಣು ಬಂತೆಂದು ಕಣ್ಣಲ್ಲೇ ಹಿಡಿದು, ಕೆಳಗಿಳಿಸಿ ತೋರಿಸಿದೆ, ಕಣ್ಣು ತಪ್ಪುವ ಮಾತೇ ಇಲ್ಲ, ಎಂಥ ಎತ್ತರದ ಗೊನೆಯಲ್ಲೂ ಬಲಿತ ಕಾಯಿ ಯಾವುದೆಂದು ಹೇಳಿದ ಕಣ್ಣು, ಅವಳು ಗಂಟು ಬಿಗಿಯುತ್ತ ನಕ್ಕಳು — ಏನ್ರೀ, ಮರಕ್ಕೆ ಹಿಡ್ದಂಗೆ ಹಿಡ್ದಿದ್ದೀರಲ್ಲ, ನಿಮ್ಮ ಲಾರಿ ಏನ್ ಗೊನೆ ಬುಟ್ಟೈತಾ — ಎಲ್ಲರೂ ನಕ್ಕರು, ನಾನೂ ನಕ್ಕೆ, ಈಗ ನೋಡು ಮಂಗಳ, ನಿನ್ನ ಬಟ್ಟೆಗೂ ತೊಲೆಗೂ ನಡುವೆ ಎಷ್ಟು ಜಾಗ, ಒಬ್ಬ ಆಳು ಚಕ್ಕಳಮಕ್ಕಳ ಹಾಕಿ ಕೂತು ಊಟ ಮಾಡಬಹುದು, ಆಯ್ತಾ ಅಣ್ಣ ಅಳ್ದಿದ್ದು, ಬಸ್ಸಿಂದ ಮತ್ತೆ ಕೂಗು, ಆಯ್ತು ಕಣಪ್ಪ ಬತ್ತೀನಿ ಇರು, ಎದೆಯುಬ್ಬಿಸಿಕೊಂಡೇ ಲಾರಿಯ ಹತ್ತಿರ ಬಂದೆ, ಹಗ್ಗ ಹುಡುಕಲೆಂದು ದೋಟಿಯನ್ನು ಕ್ಯಾಬಿನ್ನಿಗೆ ಒರಗಿಸಿದೆ, ಕೆಂಪು ಬಟ್ಟೆ ಕ್ಯಾಬಿನ್ನಿನ ನೆತ್ತಿಗೆ ಬಂದು ನಿಂತಿತು, ಶ್ರೀ ಕೆಂಪಮ್ಮ ದೇವಿ ಪ್ರಸನ್ನ ಎಂದು ಬರೆಸಿದ್ದಾರಲ್ಲ, ಆ ಸಾಲಿಗೆ ಸಮ — ಅಷ್ಟೇ — ಬೇಲುಗಳು ಮಾತ್ರ ಅದರ ಮೇಲೆ, ಇನ್ನೂ ಮೇಲೆ.

ಅಂದರೆ — ಅಂಗಳದಲ್ಲಿ ಸಮ ಬಂದಿದ್ದ ಗೆಣ್ಣು ಇಲ್ಲಿ ಯಾಕೆ ಇಳಿಯಿತು, ಗಂಟು ಜಾರಿಲ್ಲ, ಮುಟ್ಟಿ ನೋಡಿದೆ, ಬಿಗಿಯಾಗಿದೆ, ಮರಕ್ಕೆ ಹಿಡ್ದಂಗೆ, ಅಂದಳಲ್ಲ ಅವಳು, ಮರಕ್ಕೆ ಹಿಡಿಯುವಾಗ ದೋಟಿಯ ಬುಡ ಯಾವತ್ತು ನೆಲದಲ್ಲಿತ್ತು, ಎದೆಯ ಹತ್ತಿರ ತಾನೇ, ಎರಡು ಕೈಯಲ್ಲಿ ಎದೆಗವಚಿಕೊಂಡು, ಅದು ಒಂದು ದೋಟಿ ಮರ, ಇದು ಎರಡು ದೋಟಿ ಮರ ಎನ್ನುತ್ತೇವೆ ನಾವು ಕಾಯಿ ಕೆಡವುವವರು, ಕೆಳಗೆ ನಿಂತ ಆಳನ್ನು ಯಾರೂ ಲೆಕ್ಕಕ್ಕೆ ಸೇರಿಸುವುದಿಲ್ಲ, ಆಳು ಇದ್ದೇ ಇರುತ್ತಾನೆ ಎಂದು ಬಿಟ್ಟುಬಿಡುತ್ತೇವೆ, ಬೆಳಿಗ್ಗೆ ನಾನೂ ಬಿಟ್ಟೆ, ನನ್ನನ್ನೇ ಬಿಟ್ಟೆ, ನೆಲದಿಂದ ಎದೆಯವರೆಗಿನ ತಿಮ್ಮರಾಜುವನ್ನು ಅಂಗಳದಲ್ಲೇ ಬಿಟ್ಟು ಲಾರಿ ತಂದೆ — ಓಡಿದೆ, ಮತ್ತೆ ತೊಲೆಯ ಪಕ್ಕಕ್ಕೆ, ಬುಡವನ್ನು ಎದೆಗೆ ಒತ್ತಿ ಎತ್ತಿದೆ, ಇಪ್ಪತ್ತು ವರ್ಷ ಎತ್ತಿದ ಹಾಗೇ, ಕೆಂಪು ಬಟ್ಟೆ ಏರಿತು, ತೊಲೆಯ ಅಂಚು ಮುಟ್ಟಿತು, ನಿಲ್ಲಲಿಲ್ಲ, ದಾಟಿ ಒಂದು ಗೇಣು ಮೇಲೆ ಹೋಗಿ ನಿಂತಿತು, ಲಾರಿ ತೂರಿಸಿದ್ದರೆ ಗೀರಲ್ಲ, ಮೇಲಿನ ಬೇಲುಗಳೇ ಕಿತ್ತು ಬಸ್ಸಿನ ಮುಂದೆ ಬೀಳುತ್ತಿದ್ದವು, ಕಂಡಕ್ಟರ್ ಇಳಿದು ಬಂದಿದ್ದಾನೆ, ಬಸ್ಸು ಹಿಂದಕ್ ತಗಳಪ್ಪ, ನನ್ ಲೋಡು ಇಲ್ಲಿ ಹಿಡ್ಸಲ್ಲ, ಮೇಲ್ಸೇತುವೆ ಕಡೆಯಿಂದ ಸುತ್ಕಂಡ್ ಹೋಯ್ತೀನಿ, ಅಂದೆ, ಅಷ್ಟೊತ್ತು ಅಳ್ದು ಈಗ ಹಿಡ್ಸಲ್ಲ ಅಂತೀಯಲ್ಲಣ್ಣ, ಹೂಂ ಕಣಪ್ಪ, ಅಳ್ದಿದ್ದಕ್ಕೇ ಗೊತ್ತಾಗಿದ್ದು, ಅವನು ಬೈದುಕೊಂಡೇ ಬಸ್ಸಿಗೆ ಕೈ ಆಡಿಸುತ್ತಿದ್ದಾನೆ, ಬರ್ಲಿ ಬರ್ಲಿ, ನನಗೆ ನಾಚಿಕೆ ಆಗಬೇಕಿತ್ತು, ಆಗುತ್ತಿಲ್ಲ, ಹೆಮ್ಮೆ ಆಗುತ್ತಿದೆ, ತಪ್ಪು ಮಾಡಿದ್ದೂ ನಾನು, ತೊಲೆಗೆ ತಾಗುವ ಮುಂಚೆ ಅದನ್ನು ಹಿಡಿದದ್ದೂ ನಾನೇ, ಒಂದು ಗೀರಿಲ್ಲ ಯಜಮಾನರೇ, ಸ್ಟೇರಿಂಗು ನಂದೇ, ಸಂಜೆ ಸರ್ವಮಂಗಳ ಕೇಳುತ್ತಾಳೆ, ಎಷ್ಟ್ರೀ ನಿಮ್ಮ ಲಾರಿ ಎತ್ತರ, ಗೆಣ್ಣಿನವರೆಗಿನ ದೋಟಿ ಕಣೇ, ಜೊತೆಗೆ ನಾನು, ಅನ್ನುತ್ತೇನೆ, ಬಸ್ಸು ಹಿಂದೆ ಸರಿಯಿತು, ಹತ್ತಬೇಕು, ರಿವರ್ಸ್ ಹಾಕಬೇಕು, ಆದರೂ ದೋಟಿ ಇಳಿಸಲು ಕೈ ಬರುತ್ತಿಲ್ಲ, ಬಿದಿರಿನ ಬುಡ ಎದೆಗೆ ಒತ್ತಿಕೊಂಡೇ ಇದೆ, ಮೇಲೆ ನೋಡಬಾರದು, ಕತ್ತು ಸಿಡಿಯುತ್ತಿದೆ, ನೋಡುತ್ತಿದ್ದೇನೆ — ಕೆಂಪು ಬಟ್ಟೆ, ತೊಲೆಯ ಮೇಲೆ ಒಂದು ಗೇಣು, ಗಾಳಿಗೆ ಆಡುತ್ತ, ಕೆಂಪು ಬಟ್ಟೆ