ಮುಟ್ಟಬೇಡಿ ಎಷ್ಟು?

ನೀರು ಸರಬರಾಜು ಕಚೇರಿಯ ಮೂರನೇ ಮಹಡಿಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದ ಸೊಸೆಗೆ ಒಂದೇ ಕೆಲಸವನ್ನು ಎರಡು ಸಲ ಮಾಡುವುದೆಂದರೆ ಮೈಯೆಲ್ಲ ಉರಿ. ಕೋಡಿನ ಕ್ಲಾಸೆಂಬ ನಮೂನೆಯಲ್ಲಿ ಮಾಹಿತಿಯ ಒಂದೊಂದು ಖಾನೆಗೂ, ಅಂದರೆ ಫೀಲ್ಡಿಗೂ, ಒಂದು ಹೆಸರಿಟ್ಟ ಮೇಲೆ ಅದೇ ಹೆಸರನ್ನು ಕೌಂಟರಿನ ಪರದೆಗೆಂದು ಮತ್ತೆ ಟೈಪು ಮಾಡುವುದೇಕೆ? ಬರೆದ ಕೋಡು ಯಂತ್ರದ ಭಾಷೆಗೆ ಕಂಪೈಲ್ ಆಗುವಾಗಲೇ ಕ್ಲಾಸಿನೊಳಗೆ ಇಣುಕಿ, ಫೀಲ್ಡುಗಳ ಹೆಸರನ್ನೆಲ್ಲ ಹೆಕ್ಕಿ ತಾನೇ ಪರದೆಗೆ ಕಳಿಸುವ ಹಾಗೆ ಮಾಡಿಬಿಟ್ಟಳು. ಹೆಸರು, ವಿಳಾಸ, ಮನೆಯ ಅಳತೆ ಎಲ್ಲ ಸಾಲಾಗಿ ಬಂದವು. ಕೆಲಸ ಬಿಟ್ಟುಹೋದ ಯಾರೋ ತನ್ನ ನಂತರದವರನ್ನು ಹೆದರಿಸಲೆಂದು ಹೆಸರಿಟ್ಟಿದ್ದ ಫೀಲ್ಡೂ ಕೊನೆಯಲ್ಲಿ ಬಂತು: ಮುಟ್ಟಬೇಡಿ.

ಕೆಳಗೆ ಕೌಂಟರಿನ ಗುಮಾಸ್ತ ಪರದೆ ಕೇಳಿದ್ದನ್ನು ಕೇಳುವವನು. "ಮುಟ್ಟಬೇಡಿ ಎಷ್ಟು?" ಎಂದ. ಕಚೇರಿಯವರು ಕೇಳಿದ ಮೇಲೆ ಹೇಳಲೇಬೇಕಲ್ಲ. ಮನೆಯಲ್ಲಿ ಯಾರೂ ಮುಟ್ಟಬಾರದ ವಸ್ತುಗಳು ಎಷ್ಟಿವೆ ಎಂದು ಜನ ಯೋಚಿಸಿ ಹೇಳತೊಡಗಿದರು. ಒಬ್ಬ ಧಾರಾಳಿ, "ನಮ್ಮನೇಲಿ ಏನ್ ಬೇಕಾದ್ರೂ ಮುಟ್ಟಿ ಸ್ವಾಮಿ, ಸೊನ್ನೆ ಹಾಕಿ" ಎಂದ. ಅವನು ಮನೆ ಸೇರುವಷ್ಟರಲ್ಲಿ ನಲ್ಲಿ ಒಣಗಿತ್ತು.

ದೂರು ಬಂದಾಗ ಸೊಸೆ ಕೋಡು ತೆರೆದು ನೋಡಿದಳು. ಆ ಫೀಲ್ಡಿನಲ್ಲಿ ಸೊನ್ನೆಯಿದ್ದರೆ ನೀರು ಬಂದ್, ಬೇರೇನಿದ್ದರೂ ನೀರುಂಟು. ಸರಿಪಡಿಸಿ ಮತ್ತೆ ಕಂಪೈಲ್ ಮಾಡಬೇಕೆಂದರೆ ಸಂಜೆಯಾದೀತು. ಅತ್ತೆಯೋ, ತೀರಿಹೋದ ಮಾವನ ಹೆಸರಲ್ಲಿದ್ದ ನಲ್ಲಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಈಗಲೇ ಕೆಳಗೆ ಸಾಲಿನಲ್ಲಿದ್ದರು! ಸೊಸೆ ಎದ್ದೆನೋ ಬಿದ್ದೆನೋ ಎಂದು ಮೆಟ್ಟಿಲಿಳಿದಳು.

"ಏನೂ ಇಲ್ಲಪ್ಪ, ಸೊನ್ನೆ," ಎನ್ನುತ್ತಿದ್ದರು ಅತ್ತೆ.

"ತಡೀರಿ! ಅತ್ತೆ, ಸೊನ್ನೆ ಅಂದ್ರೆ ನಮ್ಮನೆಗೆ ನೀರು ಬರಲ್ಲ. ಒಂದಾದ್ರೂ ಹೇಳಿ."

"ಸುಳ್ಳು ಹೇಳಿ ನೀರು ಕುಡಿಯೋ ಹಣೆಬರಹ ನನಗೆ ಬೇಡಮ್ಮ."

"ಮಾವನ ವಾಚು?"

"ಹಾಲಿನವನಿಗೆ ಕೊಟ್ಟೆ."

"ಕೋಟು?"

"ಅವನ ತಮ್ಮನಿಗೆ. ಚಳಿ ಅಂದ."

"ಕುರ್ಚಿ?"

"ಅವನು ಕೇಳ್ಲಿಲ್ಲ. ನಾನೇ ಕೊಟ್ಟೆ."

"ಮೇಡಂ, ನೀವೂ ಸಾಲಲ್ಲಿ ಬನ್ನಿ," ಎಂದ ಗುಮಾಸ್ತ.

"ಅಜ್ಜೀ, ಏನಾದ್ರೂ ಒಂದು ಮುಟ್ಟಬೇಡಿ ಅಂದ್ಬಿಡಿ, ಹೊಟ್ಟೆ ಚುರುಗುಟ್ತಿದೆ," ಎಂದು ಹಿಂದಿದ್ದವನು ಗೊಣಗಿದ.

ಅತ್ತೆ ಗುಮಾಸ್ತನ ಬೆರಳನ್ನೇ ನೋಡುತ್ತ ನಿಂತರು. ಅದು ಸೊನ್ನೆಯ ಮೇಲಿತ್ತು.

"ಬಚ್ಚಲ ನಲ್ಲಿ ಸೋರ್ತಿತ್ತು," ಎಂದರು. "ಪ್ಲಂಬರ್ ಯಾಕೆ ದಂಡ ಅಂತ ನಮ್ಮ ಯಜಮಾನ್ರೇ ಒಂದು ಚಿಂದಿ ಸುತ್ತಿ ಗಂಟು ಹಾಕಿದ್ರು. ಈಗಲೂ ಸೋರುತ್ತೆ. ಇವಳು ಅದನ್ನ ಬಿಚ್ಚಿ ಹೊಸದು ಹಾಕಿಸೋಣ ಅಂತಿದಾಳೆ." ಸೊಸೆಯ ಕಡೆ ತಿರುಗಿದರು. "ಅದನ್ನ ಮುಟ್ಟಬೇಡ."

"ಎಷ್ಟು?" ಎಂದ ಗುಮಾಸ್ತ.

"ಒಂದು."

ಅವನು ಒಂದು ಒತ್ತಿ, ಮುದ್ರೆ ಹಾಕಿ, "ಮುಂದಿನವರು" ಎಂದ. ಗೊಣಗುತ್ತಿದ್ದವನು ಮುಂದೆ ಬಂದು, ಒಂದೊಂದೇ ಬೆರಳು ಮಡಿಸಿ ಎಣಿಸತೊಡಗಿದ.